ನಾಲ್ಕು ದಿನದ ಲೆಕ್ಕ

ಹಾಸನ, 8 ಫೆಬ್ರವರಿ 2026, ಭಾನುವಾರ

ಮಧ್ಯಾಹ್ನ ಮಾವನೂ ನಾನೂ ಹಿತ್ಕವರೆ ಹಿಸುಕುತ್ತ ಕೂತಿದ್ದಾಗ ಲೆಸ್ಟರ್‌ನಿಂದ ಇವರ ಫೋನು. ಅಲ್ಲಿ ಆಗಷ್ಟೇ ಬೆಳಗಾಗಿತ್ತು.

"ಪುಟ್ಟಿಗೆ ಇಲ್ಲಿ ಐದನೇ ಕ್ಲಾಸಂತೆ ಕಣೆ."

ಕೈಲಿದ್ದ ಕಾಳು ಚಿಮ್ಮಿ ಸೋಫಾ ಕೆಳಗೆ ಹೋಯಿತು. ಇಲ್ಲಿ ಅವಳಿನ್ನೂ ಮೂರನೇ ಕ್ಲಾಸು. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿಕೊಂಡು ಹೊರಡೋಣ ಅಂತಿದ್ದೆವು.

ಇಂಗ್ಲೆಂಡಿನಲ್ಲಿ ಮಗು ಇಲ್ಲಿ ಏನು ಓದಿದೆ ಅಂತ ನೋಡಿ ಕ್ಲಾಸು ಕೊಡುವುದಿಲ್ಲ, ಹುಟ್ಟಿದ ದಿನ ನೋಡಿ ಕೊಡುತ್ತಾರೆ. ಸೆಪ್ಟೆಂಬರ್ 1ರಿಂದ ಮುಂದಿನ ಆಗಸ್ಟ್ 31ರ ತನಕ ಹುಟ್ಟಿದವರೆಲ್ಲ ಒಂದೇ ತರಗತಿ. ನಾಲ್ಕು ತುಂಬಿದ ಮೇಲೆ ಬರುವ ಸೆಪ್ಟೆಂಬರ್‌ಗೇ 'ರಿಸೆಪ್ಷನ್', ಅಂದರೆ ಒಂದನೇ ಕ್ಲಾಸಿಗೆ ಹಿಂದಿನ ತರಗತಿ, ಶುರು. ಪುಟ್ಟಿ ಹುಟ್ಟಿದ್ದು 2016ರ ಆಗಸ್ಟ್ 28. ಡಾಕ್ಟರು ಗೌರಿ ಹಬ್ಬದ ಆಸುಪಾಸು ಅಂದಿದ್ದರು, ಇವಳೇ ಒಂದು ವಾರ ಮೊದಲೇ ಬಂದಳು. ಇನ್ನು ನಾಲ್ಕು ದಿನ ತಡೆದಿದ್ದರೆ ಅಲ್ಲಿ ನಾಲ್ಕನೇ ಕ್ಲಾಸು. ಈಗ ಐದನೆಯದರಲ್ಲಿ ಎಲ್ಲರಿಗಿಂತ ಚಿಕ್ಕವಳು.

ಇದರಲ್ಲಿ ನನ್ನ ಪಾಲೂ ಇದೆ. ಕೊರೋನಾ ಕಾಲದಲ್ಲಿ ಎಲ್‌ಕೆಜಿಯೆಲ್ಲ ಮೊಬೈಲಿನಲ್ಲೇ ಕಳೆದುಹೋಯಿತು, ಆರು ತುಂಬಿದ ಮೇಲೇ ಒಂದನೇ ಕ್ಲಾಸು ಅಂತ ಹಠ ಹಿಡಿದು ಒಂದು ವರ್ಷ ನಿಲ್ಲಿಸಿದವಳು ನಾನೇ. ಹಿಂದಿನ ತರಗತಿಗೆ ಹಾಕಿ ಅಂತ ಅಲ್ಲಿ ಕೇಳಿಕೊಳ್ಳಬಹುದಂತೆ, ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು.

ಇಷ್ಟು ದಿನ ನಾನು ಶಾಲೆ ಹುಡುಕುತ್ತಿದ್ದ ರೀತಿ ನೆನೆಸಿಕೊಂಡರೆ ನಗು ಬರುತ್ತೆ. ಹಾಸನದಲ್ಲಿ ನಾವು ಶಾಲೆ ಆರಿಸಿದ್ದು ಫೀಸು, ವ್ಯಾನು ಬರುವ ದಾರಿ, ಅಕ್ಕನ ಮಕ್ಕಳು ಎಲ್ಲಿ ಓದಿದರು, ಇಷ್ಟು ನೋಡಿ. ಸಾಲಗಾಮೆ ರಸ್ತೆಯಲ್ಲಿ ಮನೆ, ಊರಿನ ಆ ತುದಿಯಲ್ಲಿ ಶಾಲೆ, ಯಾರೂ ಏನೂ ಕೇಳಲಿಲ್ಲ. ಅಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲ, ಅರ್ಜಿ ಹೋಗುವುದು ಸಾಮಾನ್ಯವಾಗಿ ಊರಿನ ಕೌನ್ಸಿಲ್‌ಗೆ. ಸೀಟಿಗಿಂತ ಮಕ್ಕಳು ಹೆಚ್ಚಾದರೆ ಮನೆಗೂ ಶಾಲೆಗೂ ಎಷ್ಟು ದೂರ ಅಂತ ಅಳೆಯುತ್ತಾರೆ. ಅಂದರೆ ಮೊದಲು ಮನೆ, ಆಮೇಲೆ ಶಾಲೆ. ಒಳ್ಳೆ ಶಾಲೆ ಪಕ್ಕದ ಮನೆಗೆ ಬಾಡಿಗೆ ಜಾಸ್ತಿ. ಫೀಸು ಅಲ್ಲಿ ಬಾಡಿಗೆಯ ವೇಷ ಹಾಕಿಕೊಂಡು ಬರುತ್ತೆ, ಅಷ್ಟೇ. ಅಲ್ಲಿ ಶಾಲೆಗಳ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್, ಅದರ ವರದಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನೋಡಿದೆ. 'ಅತ್ಯುತ್ತಮ', 'ಉತ್ತಮ' ಅಂತ ಶಾಲೆಗೆ ಒಂದೇ ಪದದ ಪಟ್ಟ ಕಟ್ಟುವುದನ್ನು 2024ರ ಸೆಪ್ಟೆಂಬರ್‌ನಲ್ಲೇ ಬಿಟ್ಟಿದ್ದಾರೆ, ಪೂರ್ತಿ ಓದಲೇಬೇಕು. ಮೂರು ಓದುವಷ್ಟರಲ್ಲಿ ನಿದ್ದೆ ಬಂತು.

ಚಿಕ್ಕವನದು ಪರವಾಗಿಲ್ಲ. ನಾಲ್ಕು ವರ್ಷ, ಸೆಪ್ಟೆಂಬರ್‌ಗೆ ರಿಸೆಪ್ಷನ್. ಅರ್ಜಿಯ ಕೊನೇ ದಿನ ಜನವರಿ 15 ದಾಟಿದೆ, ತಡವಾದವರ ಸಾಲಿನಲ್ಲಿ ನಿಲ್ಲಬೇಕು. ಮಧ್ಯಾಹ್ನದ ಊಟ ಶಾಲೆಯಲ್ಲೇ ಪುಕ್ಕಟೆ ಅಂದಾಗ ಮಾವ, "ನಮ್ ಬಿಸಿಯೂಟ ಅಲ್ಲೂ ಇದ್ಯಾ?" ಅಂದರು. ಎರಡನೇ ತರಗತಿ ತನಕ ಎಲ್ಲರಿಗೂ ಇದೆ.

ಪುಟ್ಟಿಗೆ ಮಾತ್ರ ಉಸಿರಾಡಲೂ ಪುರಸೊತ್ತಿಲ್ಲ. ಸೆಪ್ಟೆಂಬರ್‌ಗೆ ಆರನೆಯದು, ಅಕ್ಟೋಬರ್ 31ರೊಳಗೆ ಹೈಸ್ಕೂಲಿಗೆ ಅರ್ಜಿ. ಇಲ್ಲಿ ಈಗಷ್ಟೇ ಒತ್ತಕ್ಷರ ತಪ್ಪಿಲ್ಲದೆ ಬರೆಯಲು ಕಲಿತಿದ್ದಾಳೆ. 'ಅಜ್ಜಿ'ಗೆ ಜಕಾರ ಒತ್ತು ಹಾಕಿದ ಮೇಲೆ ಇವತ್ತಿಗೂ ಒಂದು ಸಲ ನನ್ನ ಮುಖ ನೋಡುತ್ತಾಳೆ. ಅದನ್ನು ಅಲ್ಲಿ ಯಾರು ನೋಡುತ್ತಾರೆ?

ಮಾವನಿಗೆ ಇಡೀ ವಿಷಯವೇ ತಮಾಷೆ. ಅವರ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. "ನಾನು ಹುಟ್ಟಿದಾಗ ಹಾಸನಾಂಬೆ ಬಾಗ್ಲು ತೆಗ್ದಿತ್ತು ಅಂತಿದ್ಲು ನಮ್ಮವ್ವ. ಸ್ಕೂಲಿಗೆ ಸೇರ್ಸೋಕೆ ಹೋದ್ರೆ ಮೇಷ್ಟ್ರು ನನ್ನ ಕೈಲಿ ತಲೆ ಸುತ್ತಿ ಕಿವಿ ಮುಟ್ಟಿಸಿದ್ರು. ಮುಟ್ತು. ಜೂನ್ ಒಂದು ಅಂತ ಬರ್ಕೊಂಡ್ರು. ಅಂಥ ಮೇಷ್ಟ್ರು ಒಬ್ರು ಅಲ್ಲಿದ್ದಿದ್ರೆ ನಾಲ್ಕು ದಿನ ಒಂದು ಲೆಕ್ಕಾನಾ ಕಣಮ್ಮ?"

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು ಪುಟ್ಟಿ. "ತಾತಾ, ಹಂಗಾದ್ರೆ ನಾನು ನಾಲ್ಕನೇ ಕ್ಲಾಸ್ ಪಾಸಾ?"

"ಪಾಸು. ಆದ್ರೆ ನಾಲ್ಕನೇ ಕ್ಲಾಸಿನ ಮಗ್ಗಿ ಯಾರು ಹೇಳ್ತಾರೆ? ಬಾ ಇಲ್ಲಿ."

ಅಲ್ಲಿ ನಾಲ್ಕನೇ ತರಗತಿಯಲ್ಲಿ ಹನ್ನೆರಡರ ತನಕ ಮಗ್ಗಿಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆ ಇದೆಯೆಂದು ನಾನಿನ್ನೂ ಅವರಿಗೆ ಹೇಳಿರಲಿಲ್ಲ. ಅವಳು ಪಕ್ಕದಲ್ಲಿ ಕೂತು ಒಂದು ಹಿಡಿ ಅವರೆ ತೆಗೆದುಕೊಂಡು ಹನ್ನೊಂದರಿಂದ ಶುರು ಮಾಡಿದಳು. ಹನ್ನೆರಡೇಳ್ಲ ಹತ್ತಿರ ನಿಂತಳು. ಮಾವ ಹೇಳಿಕೊಡಲಿಲ್ಲ, ಕಾಳು ಹಿಸುಕುತ್ತ ಕಾದರು.