ಅಂಗಡಿಯೊಳಗಿನ ಕತ್ತಲು ರಾಡಿಯಾಗುವುದು ಯಾಕೆ?

ಮಂಗಳೂರು ಹೆಂಚಿನ ಸೂರು, ಹಲಗೆ ಬಾಗಿಲು, ಎದುರಿಗೆ ತೂಗುವ ಬಾಳೆಗೊನೆ. ಇಂಥ ಹಳೇ ಮೂಲೆ ಅಂಗಡಿಯನ್ನು ಜಲವರ್ಣದಲ್ಲಿ ಬಿಡಿಸುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಗೋಡೆ, ಹೆಂಚು ಚೆನ್ನಾಗಿ ಬರುತ್ತವೆ, ಅಂಗಡಿಯ ಒಳಭಾಗ ಮಾತ್ರ ರಾಡಿಯಾಗುತ್ತದೆ, ಯಾಕೆ?

ಕತ್ತಲನ್ನು ಕಂತುಕಂತಾಗಿ ಹಚ್ಚುವುದರಿಂದ. ಮೊದಲು ಹೆದರಿ ತೆಳುವಾಗಿ ಹಚ್ಚುತ್ತಾರೆ. ಜಲವರ್ಣ ಒಣಗಿದ ಮೇಲೆ ಇನ್ನೂ ತಿಳಿಯಾಗುತ್ತದೆ. ಆಗ ಮತ್ತೊಂದು ಪದರ, ಸಾಲದೆ ಮೂರನೆಯದು. ಪ್ರತಿ ಸಲವೂ ಬ್ರಷ್ಷು ಕೆಳಗಿನ ಬಣ್ಣವನ್ನು ಕೆದಕಿ ಎಬ್ಬಿಸುತ್ತದೆ. ಕಾಗದಕ್ಕೆ ತಾಗಿ ಮರಳಬೇಕಾದ ಬೆಳಕಿಗೆ ದಾರಿಯೇ ಉಳಿಯುವುದಿಲ್ಲ. ಟ್ಯೂಬಿನ ಕಪ್ಪಂತೂ ಬೇಡವೇ ಬೇಡ, ಅದರಲ್ಲಿ ಆಳ ಕಾಣುವುದಿಲ್ಲ.

ಎರಡು ಪಾಲು ಅಲ್ಟ್ರಾಮರೀನ್ ನೀಲಿಗೆ ಸುಮಾರು ಒಂದು ಪಾಲು ಬರ್ನ್ಟ್ ಸಿಯೆನ್ನಾ (ಕೆಂಗಂದು ಬಣ್ಣ) ಬೆರೆಸಿ, ಗಟ್ಟಿ ಮಜ್ಜಿಗೆಯ ಹದಕ್ಕೆ ತನ್ನಿ. ಬೇಕೆನಿಸಿದ್ದಕ್ಕಿಂತ ಒಂದು ಮಟ್ಟ ಗಾಢವಾಗಿಯೇ ಇರಲಿ. ಆದರೆ ಇದಕ್ಕೆ ಮೊದಲೇ ಬೆಳಕಿನ ಸಾಮಾನುಗಳನ್ನೆಲ್ಲ ಗುರುತಿಸಿಕೊಂಡಿರಬೇಕು: ಪೆಪ್ಪರಮಿಂಟ್ ಭರಣಿಗಳ ಮುಚ್ಚಳ, ಗಾಜಿನ ಮೇಲಿನ ಹೊಳಪು, ಬಾಳೆಗೊನೆಯ ಬಿಸಿಲು ಬಿದ್ದ ಮಗ್ಗುಲು. ಹೊಳಪಿಗೆ ಬಿಳಿ ಕಾಗದವನ್ನೇ ಬಿಡಿ. ಗೊನೆಗೆ ಹಳದಿ ಹಚ್ಚಿ ಪೂರ್ತಿ ಒಣಗಿಸಿ, ಸುತ್ತ ಕತ್ತಲು ಹಚ್ಚಿ. ಮಾಸ್ಕಿಂಗ್ ದ್ರವ (ಬಣ್ಣ ತಾಗದಂತೆ ಕಾಗದಕ್ಕೆ ಹಚ್ಚಿ ಆಮೇಲೆ ಕಿತ್ತು ತೆಗೆಯುವ ಅಂಟು) ಕೂದಲೆಳೆಯಷ್ಟು ತೆಳು ಗೆರೆಗಳಿಗೆ ಮಾತ್ರ ಸಾಕು. ದೊಡ್ಡ ಜಾಗಕ್ಕೆ ಬಳಸಿದರೆ ಅಂಚು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಈಗ ಸೂರಿನ ಕೆಳಗಿನ ನೆರಳಿನಿಂದ ಶುರುಮಾಡಿ. ಅದೇ ಮಿಶ್ರಣಕ್ಕೆ ನೀರು ಹೆಚ್ಚಿಸಿ ಗೋಡೆಯುದ್ದಕ್ಕೂ ಒಂದೇ ಎಳೆತ. ಹಸಿ ಇರುವಾಗಲೇ ಗಟ್ಟಿ ಬಣ್ಣವನ್ನು ಬಾಗಿಲಿನೊಳಕ್ಕೆ ಬಿಡಿ. ನೆರಳೂ ಕತ್ತಲೂ ಬೆರೆತು ಒಂದೇ ಆಕಾರವಾಗಬೇಕು, ಅಂಗಡಿಗೆ ಆಳ ಬರುವುದು ಅಲ್ಲೇ. ಜಗುಲಿಯ ಹತ್ತಿರ ಸಿಯೆನ್ನಾ ಹೆಚ್ಚಿಸಿ: ರಸ್ತೆಯ ಬಿಸಿಲು ನೆಲಕ್ಕೆ ಬಡಿದು ಒಳಗೆ ಹೋಗುವುದರಿಂದ ಅಲ್ಲಿ ಬೆಚ್ಚನೆಯ ಛಾಯೆ ಇದ್ದೇ ಇರುತ್ತದೆ. ಆಮೇಲೆ ಮುಟ್ಟಬೇಡಿ. ಅರೆ ಒಣಗಿದ ಬಣ್ಣಕ್ಕೆ ಒದ್ದೆ ಬ್ರಷ್ಷು ತಗುಲಿದರೆ ಹೂಕೋಸಿನಂಥ ಕಲೆ ಏಳುತ್ತದೆ.

ಕಾಗದ 300 ಜಿಎಸ್ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯದ್ದಾದರೆ ಇದೆಲ್ಲ ಸಲೀಸು. ತೆಳು ಕಾಗದ ಉಬ್ಬಿ, ಗಟ್ಟಿ ಬಣ್ಣ ಹಳ್ಳಗಳಲ್ಲಿ ನಿಲ್ಲುತ್ತದೆ.

ಈಗಾಗಲೇ ರಾಡಿಯಾಗಿದ್ದರೆ? ಪೂರ್ತಿ ಒಣಗಲಿ. ಶುದ್ಧ ನೀರು ಸವರಿ, ಅರೆ ನಿಮಿಷ ಬಿಟ್ಟು, ಹತ್ತಿಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಅಲ್ಟ್ರಾಮರೀನ್ ಸಾಕಷ್ಟು ಏಳುತ್ತದೆ, ಥ್ಯಾಲೋ ನೀಲಿ ಬಳಸಿದ್ದರೆ ಕಲೆ ಉಳಿಯುತ್ತದೆ.