ಬಸ್ಸಿನ ಮೋಟರ್‌ಹೋಮ್: ಟೋಯಿಂಗ್ ಪ್ಲಾನ್ ಕೊನೆಗೂ ಸಿಕ್ಕಿತು

ದಾರಿಯಲ್ಲಿ ಕೆಟ್ಟು ನಿಂತ ಗಾಡಿಯನ್ನು ಎಳೆದುಕೊಂಡು ಹೋಗುವ ಟೋಯಿಂಗ್ ಪ್ಲಾನ್ ಮಾರುವ ಕಂಪನಿಯಿಂದ ಕೊನೆಗೂ ಆ ಮೇಲ್ ಬಂತು! ನಮ್ಮ ಬಸ್ಸಿನ ಉದ್ದ, ಎತ್ತರ, ಎರಡೂ ಆಕ್ಸಲ್‌ಗಳ (ಚಕ್ರಗಳನ್ನು ಹೊತ್ತಿರುವ ಅಡ್ಡ ದಂಡಗಳ) ಮೇಲಿನ ತೂಕ, ನೋಂದಣಿ ಯಾವ ವರ್ಗದಲ್ಲಿದೆ, ಮಾಲೀಕರೇ ಮನೆಯಾಗಿ ಮಾಡಿಕೊಂಡ ಹಳೇ ಬಸ್ಸು ಇದು ಅನ್ನುವುದು, ಎಲ್ಲವೂ ಅದರಲ್ಲಿದೆ. ಅದರ ಕೆಳಗೆ, ಈ ವಾಹನಕ್ಕೆ ಟೋಯಿಂಗ್ ಸೌಲಭ್ಯ ಸಿಗುತ್ತದೆ ಅಂತ ಒಂದು ಸಾಲು. ಆ ಒಂದು ಸಾಲು ಬರೆಸಿಕೊಳ್ಳಲು ಪಟ್ಟ ಪಾಡು ಛಾವಣಿಯ ತುಕ್ಕು ತೆಗೆಯುವಾಗಲೂ ಪಟ್ಟಿರಲಿಲ್ಲ.

ಇನ್ಸುಲೇಷನ್, ವೈರಿಂಗ್, ನೀರಿನ ಪೈಪು, ಮಂಚ, ಇವೆಲ್ಲ ನಿಮಗೆ ಗೊತ್ತಿರುವ ಕೆಲಸವೇ. ಈ ಸಲ ಅವನ್ನೆಲ್ಲ ಬಿಡುತ್ತೇನೆ. ಪ್ರಶ್ನೆ ಒಂದೇ. 11 ಮೀಟರ್ ಉದ್ದದ ಈ ಗಾಡಿ ದಾರಿ ಮಧ್ಯೆ ಕೆಟ್ಟು ನಿಂತರೆ ಅದನ್ನು ಎಳೆದುಕೊಂಡು ಹೋಗುವವರು ಯಾರು?

ಕಾರಿಗಾದರೆ ಈ ಪ್ರಶ್ನೆಯೇ ಏಳಲ್ಲ. ಯಾವುದೋ ಒಂದು ಪ್ಲಾನ್ ತಗೊಂಡರೆ ಫ್ಲಾಟ್‌ಬೆಡ್, ಅಂದರೆ ಚಪ್ಪಟೆ ಹಲಗೆಯ ಲಾರಿ ಬರುತ್ತದೆ, ಕಾರನ್ನು ಹೊತ್ತುಕೊಂಡು ಹೋಗುತ್ತದೆ. ಅದೇ ಪ್ಲಾನ್ ಇಟ್ಟುಕೊಂಡು ಬಸ್ಸಿನಲ್ಲಿ ಹೊರಟರೆ ಬರುವುದೂ ಅದೇ ಕಾರಿನ ಫ್ಲಾಟ್‌ಬೆಡ್. ಚಾಲಕ ಇಳಿದು ಬಸ್ಸನ್ನೊಂದು ಸುತ್ತು ಹಾಕಿ ನೋಡಿ, ತಲೆ ಅಲ್ಲಾಡಿಸಿ ವಾಪಸ್ ಹೋಗುತ್ತಾನೆ. ಕಾಗದದ ಮೇಲೆ ನಿಮಗೆ ಸೇವೆ ಇದೆ, ರಸ್ತೆಯಲ್ಲಿ ಇಲ್ಲ.

ಫೋನ್ ಮಾಡಲು ಶುರು ಮಾಡಿದಾಗ ಮೊದಲು ತಗುಲಿಕೊಂಡಿದ್ದು ವರ್ಗದ ತಕರಾರು. ಒಬ್ಬ ಹುಡುಗ ಫಾರ್ಮ್ ತುಂಬುತ್ತಾ "ಎಷ್ಟು ಸೀಟು ಸಾರ್?" ಅಂದ. "ಎರಡು ಸೀಟು, ಒಂದು ಮಂಚ, ಒಂದು ಅಡುಗೆ ಕಟ್ಟೆ" ಅಂದೆ. ಪಾಪ, ಅವನ ಫಾರ್ಮಿನಲ್ಲಿ ಮಂಚಕ್ಕೆ ಜಾಗ ಇರಲಿಲ್ಲ. ಬಸ್ಸು ಅಂದರೆ ವಾಣಿಜ್ಯ ವಾಹನ, ನಮ್ಮಲ್ಲಿ ಬರಲ್ಲ ಅನ್ನುತ್ತಾರೆ. ಮೋಟರ್‌ಹೋಮ್ ಅಂದರೆ ಯಾವ ಕಂಪನಿ ತಯಾರಿಸಿದ್ದು, ಯಾವ ಮಾಡೆಲ್ ಅಂತ ಕೇಳುತ್ತಾರೆ. ಎಷ್ಟೋ ಪ್ಲಾನ್‌ಗಳಲ್ಲಿ ಮೋಟರ್‌ಹೋಮ್ ಅನ್ನುವುದಕ್ಕೆ ಕಾರ್ಖಾನೆಯಲ್ಲೇ ತಯಾರಾದದ್ದು ಅಂತ ಅರ್ಥ ಬರೆದಿರುತ್ತಾರೆ. ಈ ಸಾಲು ಜಾಹೀರಾತಿನಲ್ಲಿ ಇರಲ್ಲ. ಷರತ್ತುಗಳ ಕಾಗದದಲ್ಲಿ ವ್ಯಾಖ್ಯೆಗಳ ಭಾಗ ಅಂತ ಇರುತ್ತದಲ್ಲ, ಅಲ್ಲಿರುತ್ತದೆ. ಈಗ ಯಾವ ಪ್ಲಾನ್ ಕೈಗೆ ಬಂದರೂ ನಾನು ಮೊದಲು ಓದುವುದು ಅದನ್ನೇ. ಎಷ್ಟು ಕಿಲೋಮೀಟರ್ ಎಳೆಯುತ್ತಾರೆ ಅನ್ನುವುದು ಆಮೇಲಿನ ಮಾತು.

ಎರಡನೇ ತಕರಾರು ತೂಕದ್ದು. ತೂಕದ ಮಿತಿ ಇಷ್ಟು ಅಂತ ಬರೆದಿರುತ್ತಾರೆ, ಆದರೆ ಯಾವ ತೂಕ? ನೋಂದಣಿ ಪತ್ರದಲ್ಲಿರುವ ಗರಿಷ್ಠ ಒಟ್ಟು ತೂಕವೋ, ಆ ದಿನ ಗಾಡಿ ನಿಜಕ್ಕೂ ತೂಗುವಷ್ಟೋ? ಜಾಸ್ತಿ ಕಡೆ ಮೊದಲನೆಯದನ್ನೇ ಹಿಡಿಯುತ್ತಾರೆ. ಸೀಟೆಲ್ಲ ಕಿತ್ತು ಹಗುರ ಮಾಡಿದ್ದೇನೆ ಅನ್ನುವ ವಾದ ಅಲ್ಲಿ ನಡೆಯಲ್ಲ. ಹಾಗಂತ ನಿಜವಾದ ತೂಕ ಬೇಡ ಅಂತಲ್ಲ, ಎತ್ತಲು ಬರುವವನಿಗೆ ಬೇಕಾಗಿರುವುದು ಅದೇ. ಡೀಸೆಲ್ ತುಂಬಿಸಿ, 400 ಲೀಟರ್ ನೀರಿನ ಟ್ಯಾಂಕ್ ತುಂಬಿಸಿ (ಅದೊಂದೇ 400 ಕಿಲೋ), ಡಿಕ್ಕಿಯಲ್ಲಿ ಎಲ್ಲ ಸಾಮಾನು ಇಟ್ಟು ವೇಬ್ರಿಡ್ಜ್‌ಗೆ ಹೋದೆ. ಮುಂದಿನ ಆಕ್ಸಲ್ ಮಾತ್ರ ಒಮ್ಮೆ, ಪೂರ್ತಿ ಗಾಡಿ ಒಮ್ಮೆ. ಮುಂದೆ 4,100 ಕಿಲೋ, ಹಿಂದೆ 7,900. ಒಟ್ಟು ತೂಕದ ಒಂದೇ ಚೀಟಿ ತಂದರೆ ಅರ್ಧ ಕೆಲಸ ಆದಂತೆ ಅಷ್ಟೇ.

ಇಷ್ಟಾದರೂ ಕರೆ ಕೇಂದ್ರಗಳಿಂದ ನೇರ ಉತ್ತರ ಬರಲಿಲ್ಲ. ಗಂಟು ಬಿಡಿಸಿದ್ದು ಪ್ಲಾನ್ ಮಾರುವವರಲ್ಲ, ದೊಡ್ಡ ಟೋಯಿಂಗ್ ಲಾರಿ ಓಡಿಸುವ ಒಬ್ಬರು. ಯಾರು ಪ್ಲಾನ್ ಮಾರಿದರೂ ಕೊನೆಗೆ ರಸ್ತೆಗೆ ಬರುವುದು ಇಂಥ ಸ್ಥಳೀಯ ಗುತ್ತಿಗೆದಾರರೇ, ಹಾಗಾಗಿ ಅವರನ್ನೇ ಕೇಳೋಣ ಅಂತ ಹೋದೆ. ಅವರು ಪ್ಲಾನಿನ ಹೆಸರು ಕೇಳಲೇ ಇಲ್ಲ. ಮುಂದಿನ ಆಕ್ಸಲ್ ತೂಕ ಎಷ್ಟು, ಮುಂಭಾಗದ ಓವರ್‌ಹ್ಯಾಂಗ್ (ಚಕ್ರದಿಂದಾಚೆ ಚಾಚಿರುವ ಬಾಡಿ) ಎಷ್ಟು, ಬಾಲ ನೆಲದಿಂದ ಎಷ್ಟು ಎತ್ತರ, ಬ್ರೇಕಿಗೆ ಗಾಳಿ ಎಲ್ಲಿಂದ ಕೊಡಲಿ, ಇಷ್ಟೇ ಕೇಳಿದ್ದು.

ಓವರ್‌ಹ್ಯಾಂಗ್ ಯಾಕೆ ಅಂದರೆ, ಬಸ್ಸಿನಲ್ಲಿ ಮುಂದಿನ ಚಕ್ರಕ್ಕಿಂತ ಮುಂದೆ ತುಂಬಾ ಬಾಡಿ ಇರುತ್ತದೆ. ನಮ್ಮದರಲ್ಲಿ 2.1 ಮೀಟರ್. ಗಾಡಿಯನ್ನು ಅಡಿಯಿಂದ ಎತ್ತುವ ಟೋಯಿಂಗ್ ಲಾರಿಯ ಅಂಡರ್‌ಲಿಫ್ಟ್ ತೋಳು ಅಷ್ಟು ದೂರ ಒಳಗೆ ಚಾಚಿ ಆಕ್ಸಲ್ ಹಿಡಿಯಬೇಕು. ಚಾಚಿದಷ್ಟೂ ತೋಳಿನ ಶಕ್ತಿ ಕಡಿಮೆ. ಲಾರಿಯ ಮೇಲೆ ಬರೆದ ದೊಡ್ಡ ಟನ್ ಸಂಖ್ಯೆ ತೋಳು ಒಳಗಿದ್ದಾಗಿನದು, ಪೂರ್ತಿ ಚಾಚಿದಾಗ ಎಷ್ಟು ಅನ್ನುವುದೇ ನಮಗೆ ಮುಖ್ಯ. ಇನ್ನೊಂದು ಲೆಕ್ಕ ನೋಡಿ. ಎತ್ತುವ ಜಾಗ ಟೋಯಿಂಗ್ ಲಾರಿಯ ಹಿಂದಿನ ಆಕ್ಸಲ್‌ನಿಂದ 3 ಮೀಟರ್ ಹಿಂದಿದೆ, ಲಾರಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 5 ಮೀಟರ್ ಅಂದುಕೊಳ್ಳಿ. ನಮ್ಮ 4,100 ಕಿಲೋ ಎತ್ತಿದರೆ ಲಾರಿಯ ಮುಂದಿನ ಚಕ್ರಗಳಿಂದ 2,460 ಕಿಲೋ ಭಾರ ಕಳಚಿ ಹೋಗುತ್ತದೆ. ಮುಂದೆ ಭಾರ ಇಲ್ಲದ ಲಾರಿಗೆ ಸ್ಟೀರಿಂಗೂ ಸರಿಯಾಗಿ ಹಿಡಿಯಲ್ಲ, ಬ್ರೇಕೂ ಹಿಡಿಯಲ್ಲ. ಅದಕ್ಕೇ ಚಿಕ್ಕ ಲಾರಿ ಕಳಿಸುವ ಕಂಪನಿಯ ಭರವಸೆಗೆ ಬೆಲೆ ಇಲ್ಲ.

(ಈ ಲೆಕ್ಕಗಳಲ್ಲಿ ಮುಳುಗಿದ್ದಾಗಲೇ ಟೋಯಿಂಗ್ ಲಾರಿಯ ಇತಿಹಾಸವನ್ನೂ ಓದಿದೆ. ಅಮೆರಿಕದ ಚಟ್ಟನೂಗದಲ್ಲಿ ಅರ್ನೆಸ್ಟ್ ಹೋಮ್ಸ್ ಎಂಬ ಗ್ಯಾರೇಜಿನವರು 1916ರಲ್ಲಿ ಇಂಥ ಮೊದಲ ಗಾಡಿ ಕಟ್ಟಿದರು. ಹಳ್ಳಕ್ಕೆ ಬಿದ್ದ ಕಾರೊಂದನ್ನು ಜನ, ಹಗ್ಗ, ಮರದ ದಿಮ್ಮಿ ಹಾಕಿ ಮೇಲೆತ್ತುವಷ್ಟರಲ್ಲಿ ಸಾಕಾಗಿ ಹೋಗಿತ್ತಂತೆ. ಆ ಊರಿನಲ್ಲಿ ಈಗ ಟೋಯಿಂಗ್ ಗಾಡಿಗಳದೇ ಒಂದು ಮ್ಯೂಸಿಯಂ ಇದೆ.)

ತಗ್ಗು ಹಲಗೆಯ ಲೋಬೆಡ್ ಟ್ರೈಲರ್ ಮೇಲೆ ಹತ್ತಿಸಿದರೆ ಈ ತಲೆನೋವೇ ಬೇಡವಲ್ಲ ಅಂತ ನಾನೂ ಕೇಳಿದೆ. ಸೋಲಾರ್ ಸೇರಿ ನಮ್ಮ ಎತ್ತರ 3.5 ಮೀಟರ್. ಟ್ರೈಲರಿನ ಹಲಗೆಯೇ 90 ಸೆಂಟಿಮೀಟರ್ ಎತ್ತರ ಅಂದರೆ ಒಟ್ಟು 4.4 ಆಯಿತು. ಯುರೋಪಿನಂಥ ಕಡೆ ಸಾಮಾನ್ಯ ಮಿತಿಯೇ 4 ಮೀಟರ್. ಸೇತುವೆ, ತಂತಿ, ಮರದ ಕೊಂಬೆ ಎಲ್ಲ ನೋಡಿಕೊಂಡು ಹೋಗಬೇಕು. ಗೇರ್‌ಬಾಕ್ಸೋ ಆಕ್ಸಲ್ಲೋ ಪೂರ್ತಿ ಹಾಳಾದಾಗ ಬೇರೆ ದಾರಿ ಇಲ್ಲ, ಮಿಕ್ಕಂತೆ ಮುಂಭಾಗ ಎತ್ತಿ ಎಳೆಯುವುದೇ ವಾಸಿ.

ಈಗ ಬಾಲದ ಕಥೆ. ನನ್ನ ನಿದ್ದೆ ಕೆಡಿಸಿದ್ದು ಇದೇ. ಮುಂಭಾಗ ಎತ್ತಿದರೆ ಬಸ್ಸು ಹಿಂದಿನ ಚಕ್ರದ ಮೇಲೆ ಏತದಂತೆ ವಾಲುತ್ತದೆ. ಮುಂದೆ ಏರಿದಷ್ಟಕ್ಕೆ ತಕ್ಕ ಹಾಗೆ ಹಿಂದೆ ಇಳಿಯುತ್ತದೆ. ನಮ್ಮ ವೀಲ್‌ಬೇಸ್ 5.6 ಮೀಟರ್, ಹಿಂಭಾಗದ ಓವರ್‌ಹ್ಯಾಂಗ್ 3.3. ಮುಂದೆ 30 ಸೆಂಟಿಮೀಟರ್ ಎತ್ತಿದರೆ ಹಿಂದಿನ ಬಂಪರ್ ಹತ್ತಿರಹತ್ತಿರ 18 ಸೆಂಟಿಮೀಟರ್ ಕೆಳಗೆ ಬರುತ್ತದೆ. ಬಂಪರ್‌ಗೆ ಅಷ್ಟು ಜಾಗ ಇದೆ. ಬಳಸಿದ ನೀರಿನ ಟ್ಯಾಂಕಿನ ವಾಲ್ವ್‌ಗೆ ಇರಲಿಲ್ಲ! ಅದು ಹಿಂದಿನ ಆಕ್ಸಲ್‌ನಿಂದ 2.8 ಮೀಟರ್ ಹಿಂದೆ, ನೆಲದಿಂದ 22 ಸೆಂಟಿಮೀಟರ್ ಎತ್ತರದಲ್ಲಿತ್ತು. 15 ಸೆಂಟಿಮೀಟರ್ ಇಳಿದರೆ ಉಳಿಯುವುದು ಏಳೇ. ಮೊದಲ ರೋಡ್ ಹಂಪಿಗೇ ವಾಲ್ವ್ ಮುರಿದು, ಟ್ಯಾಂಕಿನಲ್ಲಿದ್ದದ್ದೆಲ್ಲ ರಸ್ತೆ ಪಾಲು.

ಪೈಪನ್ನು ಮುಂದಕ್ಕೆ ಎಳೆದು ವಾಲ್ವನ್ನು ಹಿಂದಿನ ಆಕ್ಸಲ್‌ಗಿಂತ ಮುಂದೆ ತಂದೆ. ಅಲ್ಲಿ ಎತ್ತಿದಾಗ ಅದೂ ಮೇಲಕ್ಕೇ ಹೋಗುತ್ತದೆ. ಆಮೇಲೆ ಜ್ಯಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಮುಂದಿನ ಆಕ್ಸಲ್ಲನ್ನು ನಿಜಕ್ಕೂ 30 ಸೆಂಟಿಮೀಟರ್ ಎತ್ತಿಸಿ, ಹಿಂದೆ ಟೇಪ್ ಹಿಡಿದು ಕೂತೆ. ಲೆಕ್ಕಕ್ಕೂ ಟೇಪಿಗೂ ಒಂದು ಸೆಂಟಿಮೀಟರ್ ವ್ಯತ್ಯಾಸ ಅಷ್ಟೇ. ಅವತ್ತಿನ ಖುಷಿಗೆ ಎಣೆಯೇ ಇರಲಿಲ್ಲ.

ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದ ದಂಡ) ವಿಷಯ ನಿಮಗೆಲ್ಲ ಗೊತ್ತು, ಸುಮ್ನೆ ನೆನಪಿಸುತ್ತೇನೆ. ಹಿಂದಿನ ಚಕ್ರ ಉರುಳುತ್ತಾ ಹೋದರೆ ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟ್ ತಿರುಗುತ್ತದೆ. ಎಂಜಿನ್ ನಿಂತಿರುವಾಗ ಆಟೋಮ್ಯಾಟಿಕ್ಕಿನ ಆಯಿಲ್ ಪಂಪೂ ನಿಂತಿರುತ್ತದೆ. ಎಣ್ಣೆ ಇಲ್ಲದೆ ತಿರುಗಿ ಒಳಗೆಲ್ಲ ಸುಟ್ಟು ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಇಟ್ಟರೂ ಅಷ್ಟೇ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಇಲ್ಲವೇ ಹಿಂದಿನ ಆಕ್ಸಲ್ ಶಾಫ್ಟ್ ಎರಡನ್ನೂ ಎಳೆದು ಹಬ್ ಬಾಯಿಗೆ ಮುಚ್ಚಳ ಹಾಕಬೇಕು. ನಾನು ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವುದೇ ಅಂತ ತೀರ್ಮಾನಿಸಿ, ಬೋಲ್ಟ್ ಹಾಕಿ ಜೋಡಿಸುವ ಎರಡು ಫ್ಲೇಂಜಿಗೂ ಬಣ್ಣದ ಗುರುತು ಹಾಕಿ, ಸರಿಯಾದ ಸಾಕೆಟ್ಟನ್ನು ಬಾಗಿಲ ಹತ್ತಿರದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಈ ಬಿಚ್ಚುವ ಕೂಲಿ ಪ್ಲಾನಿನಲ್ಲಿ ಸೇರಿದೆಯಾ ಅಂತ ಕೇಳಿ. ಕೆಲವರು ಎಳೆಯುವುದಕ್ಕೆ ಮಾತ್ರ ಕೊಡುತ್ತಾರೆ, ಬಿಚ್ಚುವುದಕ್ಕೆ ಕೊಡಲ್ಲ.

ಗಾಳಿ. ಹಿಂದಿನ ಪಾರ್ಕಿಂಗ್ ಬ್ರೇಕನ್ನು ಹಿಡಿದಿರುವುದು ಸ್ಪ್ರಿಂಗ್, ಬಿಡಿಸುವುದು ಗಾಳಿ. ಎಂಜಿನ್ ಸತ್ತು ಗಾಳಿ ಸೋರಿ ಹೋದರೆ ಚಕ್ರ ಜಪ್ಪಯ್ಯ ಅಂದರೂ ತಿರುಗಲ್ಲ. ಬ್ರೇಕ್ ಚೇಂಬರಿನ ಪಕ್ಕದಲ್ಲಿರುವ ಕೇಜಿಂಗ್ ಬೋಲ್ಟ್ ಹಾಕಿ ಸ್ಪ್ರಿಂಗನ್ನು ಹಿಂದಕ್ಕೆ ಎಳೆದಿಡಬಹುದು, ಆದರೆ ಆಮೇಲೆ ಬಸ್ಸಿಗೆ ಪಾರ್ಕಿಂಗ್ ಬ್ರೇಕೇ ಇರಲ್ಲ. ಟೋಯಿಂಗ್ ಲಾರಿಯಿಂದಲೇ ಗಾಳಿ ಕೊಡುವುದು ಒಳ್ಳೆಯದು. ಅದಕ್ಕೆ ಮುಂದಿನ ಬಂಪರ್ ಹಿಂದೆ ಒಂದು ಫಿಟ್ಟಿಂಗ್ ಕೂರಿಸಲು ಹೊರಟೆ.

ಇಲ್ಲಿ ಸರಬರಾಜುದಾರರ ಮೇಲೆ ನನಗೆ ನಿಜವಾದ ಸಿಟ್ಟಿದೆ. ಕಾಲಂಗುಲದ ಬಿಎಸ್‌ಪಿ (ಬ್ರಿಟಿಷ್ ಪೈಪ್ ಅಳತೆ) ಥ್ರೆಡ್ ಬೇಕು ಅಂತ ಫೋಟೋ ಸಮೇತ ಬರೆದಿದ್ದೆ. ಪೊಟ್ಟಣದ ಮೇಲೆ ಬಿಎಸ್‌ಪಿ ಅಂತಲೇ ಇತ್ತು, ಒಳಗಿದ್ದದ್ದು ಅಮೆರಿಕದ ಅಳತೆಯ ಎನ್‌ಪಿಟಿ. ಬಿಎಸ್‌ಪಿಯಲ್ಲಿ ಇಂಚಿಗೆ 19 ಸುತ್ತು, ಎನ್‌ಪಿಟಿಯಲ್ಲಿ 18. ಮೊದಲನೆಯದರ ಥ್ರೆಡ್ ಕೋನ 55 ಡಿಗ್ರಿ, ಎರಡನೆಯದರದು 60. ಕೈಯಲ್ಲಿ ಹಾಕಿದರೆ ಮೊದಲೆರಡು ಸುತ್ತು ಚೆನ್ನಾಗಿಯೇ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಟೇಪ್ ಸುತ್ತಿ ಬಿಗಿದರೂ ಸೋಪಿನ ನೀರು ಹಾಕಿದಾಗ ಸಣ್ಣ ಸಣ್ಣ ಗುಳ್ಳೆ. "ಎಲ್ಲರೂ ಇದನ್ನೇ ಹಾಕುತ್ತಾರೆ" ಅಂದರು ಅಂಗಡಿಯವರು. ಇದು ಬ್ರೇಕಿನ ಗಾಳಿ ರೀ, ಹಿತ್ತಲಿನ ನಲ್ಲಿಯಲ್ಲ! ಥ್ರೆಡ್ ಗೇಜ್ ಇಟ್ಟು ತೋರಿಸಿದ ಮೇಲೆ ಬದಲಿಸಿಕೊಟ್ಟರು. ಈಗ ಗುಳ್ಳೆ ಇಲ್ಲ.

ಈ ಅಳತೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಎತ್ತುವ ಜಾಗದ ಫೋಟೋ ಹಾಕಿ ಕಳಿಸಿದ ಮೇಲೆಯೇ ಕಂಪನಿಗಳ ಮಾತಿನ ಧಾಟಿ ಬದಲಾಯಿತು. ಕರೆ ಕೇಂದ್ರದಿಂದ ಮೇಲಿನವರಿಗೆ ಹೋಯಿತು, ಅಲ್ಲಿಂದ ಬೇಡ ಅನ್ನುವ ಎರಡು ಉತ್ತರ, ಒಂದು ಒಪ್ಪಿಗೆ ಬಂತು. ಸ್ಪಷ್ಟವಾಗಿ ಬೇಡ ಅಂದವರ ಮೇಲೆ ನನಗೆ ಬೇಸರ ಇಲ್ಲ. "ಏನೂ ತೊಂದರೆ ಇಲ್ಲ ಸಾರ್, ದುಡ್ಡು ಕಟ್ಟಿ" ಅಂದು ಬರೆದು ಕೊಡಲು ಒಪ್ಪದವರೇ ಅಪಾಯ.

ಒಪ್ಪಿದ ಪ್ಲಾನಿನಲ್ಲಿ ಏನು ನೋಡಿದೆ? ದುಡ್ಡಿನ ಮಿತಿಯೋ ದೂರದ ಮಿತಿಯೋ ಅನ್ನುವುದು ಮೊದಲು. ದೊಡ್ಡ ಲಾರಿ ಹೊರಟು ಬರುವುದಕ್ಕೇ ದುಡ್ಡು ಕರಗುತ್ತದೆ, ಹಾಗಾಗಿ ನಮ್ಮಂಥ ಗಾಡಿಗೆ ದೂರದ ಮಿತಿ ಇರುವುದೇ ಮೇಲು. ಇದರಲ್ಲಿ ಹತ್ತಿರದ, ಈ ಗಾಡಿಯನ್ನು ರಿಪೇರಿ ಮಾಡಬಲ್ಲ ಗ್ಯಾರೇಜಿನವರೆಗೆ ಅಂತಿದೆ. ಬರೀ ಹತ್ತಿರದ ಗ್ಯಾರೇಜ್ ಅಂತಿದ್ದರೆ ಕಾರಿನ ಶೆಡ್ಡಿನ ಮುಂದೆ ಇಳಿಸಿ ಹೋಗಬಹುದು, ಅಲ್ವಾ? ಟಯರ್ ವಿಷಯದಲ್ಲಿ ಸ್ಟೆಪ್ನಿ ಬದಲಿಸುವ ಕೂಲಿ ಮಾತ್ರ ಅವರದು, ಟಯರಿನ ಬೆಲೆ ನಮ್ಮದು. ಮಣ್ಣಿನಲ್ಲಿ ಹೂತರೆ ರಸ್ತೆಯಿಂದ ಇಷ್ಟು ದೂರದೊಳಗೆ ಇದ್ದರೆ ಮಾತ್ರ ವಿಂಚಿನ ತಂತಿ ಹಗ್ಗ ಕಟ್ಟಿ ಹೊರಗೆಳೆಯುತ್ತಾರೆ. ಅಪಘಾತವಾದರೆ ಇದು ನಡೆಯಲ್ಲ, ವಾಹನ ವಿಮೆಯ ಬಾಗಿಲು ತಟ್ಟಬೇಕು. ಅದಕ್ಕೇ ಆ ಪಾಲಿಸಿಯನ್ನೂ ಮತ್ತೆ ತೆಗೆದು ಟೋಯಿಂಗ್ ಸಾಲು ಓದಿದೆ. ಕೆಲವು ಹೆದ್ದಾರಿಗಳಲ್ಲಿ ಅಧಿಕೃತ ಟೋಯಿಂಗ್‌ನವರೇ ಮೊದಲು ಎಳೆಯಬೇಕು ಅನ್ನುವ ನಿಯಮ ಇರುತ್ತದೆ. ಆ ಬಿಲ್ಲನ್ನು ಆಮೇಲೆ ಕೊಡುತ್ತಾರಾ ಅಂತಲೂ ಬರೆಸಿಕೊಂಡೆ.

ಇನ್ನೊಂದು ಮಾತನ್ನು ಯಾರೂ ತಾವಾಗಿ ಹೇಳಲ್ಲ. ಎಳೆಯುತ್ತಿರುವ ಬಸ್ಸಿನೊಳಗೆ ಯಾರೂ ಕೂರುವ ಹಾಗಿಲ್ಲ. ಲಾರಿಯ ಕ್ಯಾಬಿನ್ನಿನಲ್ಲಿ ಒಬ್ಬಿಬ್ಬರಿಗೆ ಜಾಗ. ಮಕ್ಕಳು, ಹಿರಿಯರು, ನಾಯಿ ಇದ್ದರೆ ಅವರು ಹೋಗುವುದು ಹೇಗೆ? ಮನೆಯೇ ಗ್ಯಾರೇಜು ಸೇರಿದ ರಾತ್ರಿ ಮಲಗುವುದು ಎಲ್ಲಿ? ನಮ್ಮ ಪ್ಲಾನಿನಲ್ಲಿ ವಸತಿ ಖರ್ಚು ಸ್ವಲ್ಪ ಇದೆ, ಆದರೆ ನೋಂದಾಯಿತ ವಿಳಾಸದಿಂದ ದೂರ ಇದ್ದಾಗ ಮಾತ್ರ. ವರ್ಷವಿಡೀ ಬಸ್ಸಿನಲ್ಲೇ ಇರುವವರು ಈ ಷರತ್ತನ್ನು ಎರಡು ಸಲ ಓದಿ.

ಇದೆಲ್ಲ ಮುಗಿಯುವಷ್ಟರಲ್ಲಿ ಮುಂದಿನ ಕೆಲಸ ತಲೆಯೊಳಗೆ ಕೂತಿದೆ. ಹಿಂದಿನ ಬಂಪರ್‌ಗೆ ಎರಡು ಸೈಕಲ್ ಮತ್ತು ಒಂದು ಸ್ಕೂಟರ್ ಹೊರುವ ಸ್ಟ್ಯಾಂಡ್. ಬಂಪರಿನಿಂದ 80 ಸೆಂಟಿಮೀಟರ್ ಹಿಂದಕ್ಕೆ ಚಾಚುತ್ತದೆ. ಅಂದರೆ ಅದರ ತುದಿ ಹಿಂದಿನ ಆಕ್ಸಲ್‌ನಿಂದ 4.1 ಮೀಟರ್, ಮುಂದೆ 30 ಎತ್ತಿದರೆ ಅಲ್ಲಿ 22 ಸೆಂಟಿಮೀಟರ್ ಇಳಿತ. ಅದಕ್ಕೇ ಪಿನ್ ಎಳೆದರೆ ಮೇಲಕ್ಕೆ ಮಡಚಿಕೊಳ್ಳುವ ಹಾಗೆ ಮಾಡುತ್ತೇನೆ. 50 ಮಿಲಿಮೀಟರ್ ಚೌಕದ ಪೈಪಿನಲ್ಲಿ ಮಾಡುವುದು ಅಂತ ರಟ್ಟಿನ ಮಾದರಿ ಇಟ್ಟು ನೋಡಿದ್ದಾಗಿದೆ, ಹಿಂಜ್ ಎಲ್ಲಿಂದ ತರುವುದು ಅನ್ನುವುದಷ್ಟೇ ಬಾಕಿ. ಸ್ಟ್ಯಾಂಡ್ ಕೂತ ಮೇಲೆ ಉದ್ದ, ತೂಕ ಎರಡೂ ಬದಲಾಗುವುದರಿಂದ ಹೊಸ ಚೀಟಿ ಮಾಡಿಸಿ ಕಂಪನಿಗೆ ಮತ್ತೆ ಕಳಿಸುತ್ತೇನೆ.

ಏರ್ ಸಸ್ಪೆನ್ಷನ್ ಬಸ್ಸು (ಪಟ್ಟಿ ಸ್ಪ್ರಿಂಗ್ ಬದಲು ಗಾಳಿ ತುಂಬಿದ ಬ್ಯಾಗುಗಳ ಮೇಲೆ ಕೂತದ್ದು) ಇರುವವರಿಗೆ ಒಂದು ಕೇಳಿಕೆ. ನಮ್ಮದು ಪಟ್ಟಿ ಸ್ಪ್ರಿಂಗ್, ಗಾಳಿ ಹೋದರೂ ಬಾಡಿ ಕೂರಲ್ಲ. ನಿಮ್ಮಲ್ಲಿ ಬ್ಯಾಗಿನ ಗಾಳಿ ಪೂರ್ತಿ ಹೋದಾಗ ಹಿಂದಿನ ಬಂಪರ್ ನೆಲದಿಂದ ಎಷ್ಟು ಎತ್ತರ ಉಳಿಯುತ್ತದೆ, ಅದನ್ನು ಅಳೆದು ಗಾಡಿಯ ವೀಲ್‌ಬೇಸ್ ಜೊತೆ ಬರೆದು ಕಳಿಸಿ. ನಿಮ್ಮ ಅಳತೆಗಳನ್ನು ಮುಂದಿನ ಸಲ ಈ ಲೆಕ್ಕದಲ್ಲಿ ಹಾಕಿ ನೋಡುತ್ತೇನೆ.