ಉಳಿಸಿಕೊಂಡ ಒಂದು ಬದಲಿ

2014ರ ಜುಲೈ. ಮಂಗಳೂರಿನಲ್ಲಿ ಜೋರು ಮಳೆ. ರಾತ್ರಿ ಒಂದೂವರೆಗೆ ನೆದರ್ಲೆಂಡ್ಸ್ ಮತ್ತು ಕೋಸ್ಟರಿಕಾ ನಡುವೆ ಫುಟ್‌ಬಾಲ್ ವಿಶ್ವಕಪ್ ಕ್ವಾರ್ಟರ್‌ಫೈನಲ್. ಮನೆಯವರು ಏಳಬಾರದೆಂದು ನಾನು, ಚಿಕ್ಕಪ್ಪ ಟೀವಿಯ ಸದ್ದು ತಗ್ಗಿಸಿ ಕೂತಿದ್ದೆವು. ಕರೆಂಟು ಹೋಗದಿದ್ದರೆ ಸಾಕಿತ್ತು.

ಗೋಲೇ ಬರಲಿಲ್ಲ. ನೆದರ್ಲೆಂಡ್ಸ್‌ನ ಸ್ನೈಡರ್ ಒದ್ದದ್ದು ಕಂಬಕ್ಕೆ ಬಡಿಯಿತು. ಉಳಿದದ್ದನ್ನು ಕೋಸ್ಟರಿಕಾದ ಗೋಲ್‌ಕೀಪರ್ ನವಾಸ್ ತಡೆದ. ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂತು. ಆಗೆಲ್ಲ ಒಂದು ತಂಡ ಆಟದ ನಡುವೆ ಮೂವರನ್ನಷ್ಟೇ ಬದಲಿಸಬಹುದಿತ್ತು. ನೆದರ್ಲೆಂಡ್ಸ್ ಕೋಚ್ ವಾನ್ ಗಾಲ್ ಮೂರನೆಯ ಬದಲಿಯನ್ನು ಮುಟ್ಟಿಯೇ ಇರಲಿಲ್ಲ.

"ಎಂತಕ್ಕೆ ಇಟ್ಕೊಂಡು ಕೂತಿದ್ದಾನೆ ಮಾರಾಯ, ಉಪ್ಪಿನಕಾಯಿ ಹಾಕ್ಲಿಕ್ಕಾ?" ಅಂದರು ಚಿಕ್ಕಪ್ಪ.

ಇನ್ನೇನು ಸೀಟಿ ಊದಬೇಕು, ಗೋಲ್‌ಕೀಪರ್ ಸಿಲೆಸೆನ್‌ನನ್ನೇ ಹೊರಗೆ ಕರೆದರು! ಒಳಗೆ ಬಂದದ್ದು ಇನ್ನೊಬ್ಬ ಗೋಲ್‌ಕೀಪರ್ ಟಿಮ್ ಕ್ರುಲ್. ಬರೀ ಪೆನಾಲ್ಟಿ ಶೂಟೌಟ್‌ಗಾಗಿ, ಅಂದರೆ ಆಟ ಸಮವಾದಾಗ ಎರಡೂ ತಂಡದವರು ಸರದಿಯಂತೆ ಗೋಲಿಗೆ ಒದೆಯುವ ಐದೈದು ಚೆಂಡಿಗಾಗಿ.

ಸಿಲೆಸೆನ್ ಸಿಟ್ಟಿನಲ್ಲಿ ಬಾಟಲಿ ಒದ್ದ. ನನಗೆ ಅಯ್ಯೋ ಅನ್ನಿಸಿತು. ಕಾಲೇಜಿನಲ್ಲಿ ಗೋಲು ಕಾಯುತ್ತಿದ್ದವನು ನಾನು, ಒಮ್ಮೆ ಅರ್ಧ ಆಟದಲ್ಲಿ ನನ್ನನ್ನೂ ಹೊರಗೆ ಕರೆದಿದ್ದರು. ಬೇರೆಯವರನ್ನು ತೆಗೆದರೆ ಸುಸ್ತಾಗಿರಬೇಕು ಅಂತಾರೆ. ಗೋಲ್‌ಕೀಪರನನ್ನು ತೆಗೆದರೆ ಹಾಗೆ ಯಾರೂ ಅನ್ನುವುದಿಲ್ಲ.

ಆದರೆ ಕ್ರುಲ್ ಬಂದದ್ದೇ ಎದುರಾಳಿಗಳ ಮುಖ ಬದಲಾಯಿತು. ಒದೆಯಲು ಬಂದವರ ಹತ್ತಿರವೇ ಹೋಗಿ ಏನೇನೋ ಹೇಳಿ ಕೆಣಕುತ್ತಿದ್ದ. ಅದು ನನಗೆ ಅಷ್ಟು ಹಿಡಿಸಲಿಲ್ಲ. ಐದು ಸಲವೂ ಸರಿಯಾದ ಕಡೆಗೇ ಹಾರಿದ. ರೂಯಿಸ್, ಉಮಾನ್ಯಾ ಒದ್ದ ಎರಡನ್ನು ತಡೆದ. ನೆದರ್ಲೆಂಡ್ಸ್ 4-3ರಲ್ಲಿ ಗೆದ್ದಿತು. ಚಿಕ್ಕಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ಕುಣಿದರು.

ಈ ಉಪಾಯ ಕ್ರುಲ್‌ಗೆ ಮೊದಲೇ ಗೊತ್ತಿತ್ತಂತೆ. ಸಿಲೆಸೆನ್‌ಗೆ ಮಾತ್ರ ಹೇಳಿರಲಿಲ್ಲ, ತಿಳಿದರೆ ಅವನ ಆಟ ಕೆಡಬಹುದು ಅಂತ.

ನಾಲ್ಕು ದಿನ ಬಿಟ್ಟು ಅರ್ಜೆಂಟೀನಾ ಎದುರು ಸೆಮಿಫೈನಲ್. ಅದೂ 0-0. ಈ ಸಲ ಅರ್ಧ ಆಟಕ್ಕೇ ಒಂದು ಬದಲಿ, ಆಮೇಲೆ ಇನ್ನೊಂದು. ಹೆಚ್ಚುವರಿ ಅವಧಿಯಲ್ಲಿ ವಾನ್ ಪರ್ಸಿ ಬದಲು ಹಂಟೆಲಾರ್ ಬಂದಾಗ ಚಿಕ್ಕಪ್ಪ ಬೆರಳು ಮಡಚಿದರು. "ಮೂರಾಯ್ತು."

ಕ್ರುಲ್ ಬೆಂಚಲ್ಲೇ ಉಳಿದ. ಶೂಟೌಟ್‌ನಲ್ಲಿ ವ್ಲಾರ್, ಸ್ನೈಡರ್ ಇಬ್ಬರೂ ತಪ್ಪಿದರು. ಕೀಪರ್ ಒಬ್ಬನಿಂದಲೇ ಸೋತರು ಅನ್ನಲಾಗದು. ನಾನು ಮಾತ್ರ, ಸಿಲೆಸೆನ್ ಒಂದಾದರೂ ಹಿಡಿಯಲಿ ಅಂತ ಕಾಯುತ್ತಿದ್ದೆ. ಮ್ಯಾಕ್ಸಿ ರೊಡ್ರಿಗಸ್ ಒದ್ದ ಕೊನೆಯ ಚೆಂಡು ಅವನ ಕೈಗೆ ತಾಗಿಯೇ ಒಳಗೆ ಹೋಯಿತು.